ಫಿಗರೋನ ನಗೆ

ಅರಸನ ಬಳಿಯಲ್ಲಿದ್ದು ಅವನನ್ನೇ ನೋಡಿ ನಗಬಲ್ಲ ಪಾತ್ರವು ನಾಟಕಕ್ಕೆ ಹೊಸದಲ್ಲ. ಸಂಸ್ಕೃತ ನಾಟಕಗಳ ವಿದೂಷಕನು ಅಂತಹವನು. ಆದರೆ ಅವನ ಮಾತು ಅರಸನನ್ನು ರಂಜಿಸುತ್ತಿತ್ತೇ ಹೊರತು ಅಂಜಿಸುತ್ತಿರಲಿಲ್ಲ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಒಂದು ಹಾಸ್ಯಪಾತ್ರದ ಮಾತಿಗೆ ಅರಮನೆಯೇ ಅಂಜಿತು. ಆ ಪಾತ್ರವೇ ಫಿಗರೋ. ಅವನನ್ನು ಸೃಷ್ಟಿಸಿದವನು ಗಡಿಯಾರ ಮಾಡುವವನ ಮಗನಾದ ಬೋಮಾರ್ಷೆ.

ಫಿಗರೋ ಮೊದಲು ಕಾಣಿಸಿಕೊಂಡುದು ‘ಸೆವಿಲ್ಲಿನ ಕ್ಷೌರಿಕ’ ಎಂಬ ನಾಟಕದಲ್ಲಿ. ಮುದುಕನಾದ ಪೋಷಕನ ಕಾವಲಿನಲ್ಲಿದ್ದ ರೋಸೀನಳನ್ನು ಯುವಕ ಅಲ್ಮವೀವ ಪ್ರಭುವು ವರಿಸಲು ಈ ಜಾಣ ಕ್ಷೌರಿಕನು ನೆರವಾಗುತ್ತಾನೆ. 1775ನೆಯ ಫೆಬ್ರವರಿ 23ರಂದು ಪ್ಯಾರಿಸಿನಲ್ಲಿ ನಡೆದ ಮೊದಲ ಪ್ರಯೋಗವು ಸೋತಿತು; ಐದು ಅಂಕಗಳ ದೀರ್ಘತೆಯಿಂದ ಪ್ರೇಕ್ಷಕರು ಬೇಸತ್ತರು. ಬೋಮಾರ್ಷೆ ಎದೆಗುಂದದೆ ಅದನ್ನು ನಾಲ್ಕು ಅಂಕಗಳಿಗೆ ಇಳಿಸಿದನು. ಮೂರು ದಿನಗಳ ತರುವಾಯ ಅದೇ ನಾಟಕವು ಜಯಗಳಿಸಿತು.

ಎರಡನೆಯ ನಾಟಕ ‘ಫಿಗರೋನ ಮದುವೆ’. ಇಲ್ಲಿ ಫಿಗರೋ ಅದೇ ಪ್ರಭುವಿನ ಸೇವಕ. ಅವನು ಮದುವೆಯಾಗಲಿರುವ ಸುಜಾನಳ ಮೇಲೆ ಪ್ರಭುವಿನ ಕಣ್ಣು ಬೀಳುತ್ತದೆ. ಹುಟ್ಟಿನಿಂದಲೇ ಸಿರಿ, ಪದವಿಗಳನ್ನು ಪಡೆದವನಿಗೆ ಯೋಗ್ಯತೆ ಏನಿದೆ ಎಂದು ಸೇವಕನು ರಂಗದ ಮೇಲೆ ನಿಂತು ಕೇಳುತ್ತಾನೆ. ಇದನ್ನು ಓದಿಸಿ ಕೇಳಿದ ಹದಿನಾರನೆಯ ಲೂಯಿ ಅರಸನು, ಇಂತಹ ನಾಟಕವನ್ನು ಆಡಗೊಡುವ ಮೊದಲು ಬಾಸ್ತೀಯ ಸೆರೆಮನೆಯನ್ನೇ ಕೆಡವಬೇಕಾದೀತು ಎಂದು ನುಡಿದನೆಂದು ರಾಣಿಯ ಪರಿಚಾರಿಕೆಯೊಬ್ಬಳು ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. 1783ರ ಜೂನ್ ತಿಂಗಳಲ್ಲಿ ಸಿದ್ಧವಾಗಿದ್ದ ಪ್ರಯೋಗವು ಕೊನೆಯ ಗಳಿಗೆಯಲ್ಲಿ ಅರಸನ ಆಜ್ಞೆಯಿಂದ ನಿಂತುಹೋಯಿತು. ಒಬ್ಬರಲ್ಲ, ಆರು ಮಂದಿ ಪರಿಶೀಲಕರು ಅದನ್ನು ಓದಿದರು. ಬೋಮಾರ್ಷೆ ಕೆಲವು ತಿದ್ದುಪಡಿಗಳನ್ನು ಒಪ್ಪಿದನು. ನಾಟಕದ ತಿರುಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕಡೆಗೆ 1784ನೆಯ ಏಪ್ರಿಲ್ 27ರಂದು ಪರದೆ ಮೇಲೆದ್ದಿತು. ರಂಗಮಂದಿರದ ಬಾಗಿಲಲ್ಲಿ ಜನ ಕಿಕ್ಕಿರಿದರು. ಮೊದಲ ಸರಣಿಯಲ್ಲಿಯೇ ಅರವತ್ತೆಂಟು ಪ್ರಯೋಗಗಳು ನಡೆದವು. ತಮ್ಮನ್ನೇ ಅಣಕಿಸುವ ಮಾತಿಗೆ ಶ್ರೀಮಂತರೂ ಚಪ್ಪಾಳೆ ತಟ್ಟಿದರು!

ಮರುವರ್ಷ ನಡೆದುದು ಇನ್ನೂ ವಿಚಿತ್ರ. ಮಾರ್ಚ್ ತಿಂಗಳಲ್ಲಿ, ಪತ್ರಿಕೆಯ ವಾಗ್ವಾದವೊಂದರಲ್ಲಿ ಬರೆದ ಮಾತಿಗಾಗಿ ಅರಸನು ಬೋಮಾರ್ಷೆಯನ್ನು ಕೆಲವು ದಿನ ಸೆರೆಯಲ್ಲಿಟ್ಟನು. ಆಗಸ್ಟ್ ತಿಂಗಳಲ್ಲಿ ರಾಣಿ ಮರೀ ಆಂತ್ವಾನೆತ್ ತನ್ನ ಖಾಸಗಿ ರಂಗಮಂದಿರದಲ್ಲಿ ಮೊದಲ ನಾಟಕವನ್ನು ಆಡಿಸಿ, ತಾನೇ ರೋಸೀನಳಾದಳು. ಅರಸನ ತಮ್ಮನು ಫಿಗರೋ ಆದನು. ನಾಲ್ಕು ವರ್ಷಗಳ ತರುವಾಯ, 1789ನೆಯ ಜುಲೈ 14ರಂದು ಬಾಸ್ತೀಯ ಸೆರೆಮನೆ ಜನರ ಕೈಗೆ ಬಿದ್ದಿತು.

ಎರಡನೆಯ ನಾಟಕವನ್ನು ಮೊಜಾರ್ಟನು 1786ರಲ್ಲಿ, ಮೊದಲನೆಯದನ್ನು ರೊಸ್ಸೀನಿಯು 1816ರಲ್ಲಿ ಸಂಗೀತ ನಾಟಕಗಳನ್ನಾಗಿಸಿದರು. ಅವು ಇಂದಿಗೂ ಲೋಕದ ರಂಗಮಂದಿರಗಳಲ್ಲಿ ನಡೆಯುತ್ತಿವೆ.

ಒಂದು ನಾಟಕವು ಕ್ರಾಂತಿಯನ್ನು ತಂದಿತೆನ್ನುವುದು ಅತಿಶಯೋಕ್ತಿ. ಆದರೆ ಜನರ ಎದೆಯಲ್ಲಿ ಹುದುಗಿದ್ದ ಪ್ರಶ್ನೆಗೆ ಅದು ಬಾಯಿ ಕೊಟ್ಟಿತು. ಪ್ರೇಕ್ಷಕರ ಬೇಸರದಿಂದ ಪಾಠ ಕಲಿತು, ಅರಸನ ಮುನಿಸಿಗೆ ತಿರುಳನ್ನು ಒಪ್ಪಿಸದೆ ಉಳಿದುದೇ ಬೋಮಾರ್ಷೆಯ ಹಿರಿಮೆ.

ಅಭ್ಯಾಸ
1. ಮೊದಲ ಪ್ರಯೋಗದ ಸೋಲನ್ನು ಬೋಮಾರ್ಷೆ ಹೇಗೆ ಗೆಲುವಾಗಿಸಿದನು?
2. ‘ಫಿಗರೋನ ಮದುವೆ’ಗೆ ಅರಸನು ಅಂಜಿದುದೇಕೆ?