ಬಾರ್ ಬಿಡಿ, ಮೊದಲು ವೋಲ್ಟೇಜ್ ನೋಡಿ

ರೋಬಸ್ಟಾ ಕಾಫಿಗೆ ಬೆಲೆ ಬಂದಮೇಲೆ ನಮ್ಮ ಪಾಳ್ಯ ಹೋಬಳಿಯ ಅಂಗಳಗಳಲ್ಲಿ ಹಳೇ ಜೀಪಿನ ಪಕ್ಕ ಬಿಳಿ ಬಣ್ಣದ ಹೊಸ ಗಾಡಿಗಳು ಬಂದು ನಿಂತಿವೆ. ಜೀಪಿಗೆ ಕೆಸರು ಮೆತ್ತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹದಿನೈದು ಲಕ್ಷದ ಬಿಳಿ ಗಾಡಿಗೆ ಮೆತ್ತಿದರೆ ಮನೆಮಂದಿಗೆಲ್ಲ ಸಂಕಟ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಇದೇ ಪಾಡು. ಹಾಸನ–ಸಕಲೇಶಪುರ ಹೆದ್ದಾರಿ ಬಿಟ್ಟು ತೋಟದ ದಾರಿಗೆ ಇಳಿದ ಕೂಡಲೇ ಚಕ್ರದ ಗೂಡಿನೊಳಗೆ ಕೆಮ್ಮಣ್ಣು ತುಂಬಿಕೊಳ್ಳುತ್ತದೆ. ಒಂದು ದಿನ ಬಿಸಿಲು ಬಿದ್ದರೆ ಅಲ್ಲೇ ಇಟ್ಟಿಗೆಯಾಗುತ್ತದೆ.

ಹಾಗಾಗಿ ಈಗ ಮದುವೆ ಮನೆಯಲ್ಲಿ, ಸೊಸೈಟಿ ಮೀಟಿಂಗಿನಲ್ಲಿ, ಬಾಳ್ಳುಪೇಟೆಯ ಹೋಟೆಲಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: ‘ಅಣ್ಣ, ಪ್ರೆಷರ್ ವಾಷರ್ ಯಾವುದು ತಗೊಳ್ಳೋದು? ಎಷ್ಟು ಬಾರ್‌ದು?’ ನಾನು ಮೂರು ಮಳೆಗಾಲದಿಂದ ಒಂದನ್ನು ಬಳಸುತ್ತಿದ್ದೇನೆ ಎಂಬುದು ಊರಿಗೆ ಗೊತ್ತು. ಬಾರ್ ಎಷ್ಟಾದರೂ ಇರಲಿ, ನಿಮ್ಮ ಮನೆಯ ವೋಲ್ಟೇಜ್ ಎಷ್ಟು ಅಂತ ನಾನು ತಿರುಗಿ ಕೇಳಿದರೆ ತಮಾಷೆ ಅಂದುಕೊಂಡು ನಗುತ್ತಾರೆ.

ದುಡ್ಡಿನ ಲೆಕ್ಕದಿಂದಲೇ ಶುರು ಮಾಡೋಣ. ಮನೆಬಳಕೆಯ, ಕಾರ್ಬನ್ ಬ್ರಷ್ ಮೋಟಾರಿನ ಮಿಷನ್ ಈಗ ಹೆಚ್ಚುಕಡಿಮೆ 7,500 ರೂಪಾಯಿ. ಒಳ್ಳೆಯ ಫೋಮ್ ಗನ್ ಬೇಕೆಂದರೆ ಇನ್ನೊಂದು ಸಾವಿರ. ದಪ್ಪ ವೈರಿನ ಎಕ್ಸ್‌ಟೆನ್ಷನ್, 16 ಆಂಪಿಯರ್ ಪ್ಲಗ್, ಶಾಕ್ ಹೊಡೆಯದಂತೆ ಆರ್‌ಸಿಸಿಬಿ, ನೀರಿನ ಫಿಲ್ಟರ್ ಎಲ್ಲ ಸೇರಿ 1,500. ಅಲ್ಲಿಗೆ ಹತ್ತು ಸಾವಿರ. ನಮ್ಮ ಕಡೆಯ ವಾಟರ್ ಸರ್ವಿಸ್‌ನಲ್ಲಿ ಫೋಮ್ ಹಾಕಿ ಕಾರು ತೊಳೆಯಲು ನಾನು ಕೊಡುತ್ತಿದ್ದದ್ದು 450. ಮನೆಯಲ್ಲಿ ತೊಳೆದರೆ ಶಾಂಪೂ ಇಪ್ಪತ್ತು ರೂಪಾಯಿಯದು, ಕರೆಂಟು ಅರ್ಧ ಯೂನಿಟ್, ಒಟ್ಟು ಮೂವತ್ತು ಅಂದುಕೊಳ್ಳಿ. ಒಂದು ಸಲಕ್ಕೆ 420 ಉಳಿತಾಯ. 24 ಸಲ ತೊಳೆದರೆ ಹಾಕಿದ ದುಡ್ಡು ವಾಪಸು.

ಅಂಗಡಿಯವರು ಹೇಳುವ ಲೆಕ್ಕವೂ ಇದೇ, ಸುಳ್ಳೇನಲ್ಲ. ಆದರೆ ಇದರಲ್ಲೊಂದು ಮೋಸವಿದೆ. ಮಿಷನ್ ಇಲ್ಲದಾಗ ನೀವು ನಿಜವಾಗಿ ವಾಟರ್ ಸರ್ವಿಸ್‌ಗೆ ವರ್ಷಕ್ಕೆ ಎಷ್ಟು ಸಲ ಹೋಗುತ್ತಿದ್ದಿರಿ? ಯುಗಾದಿಗೊಮ್ಮೆ, ಮಳೆ ಬಿಟ್ಟಮೇಲೆ ಒಮ್ಮೆ, ಮದುವೆಗಿದುವೆ ಇದ್ದರೆ ಇನ್ನೊಮ್ಮೆ. ಉಳಿದ ದಿನ ತೋಟದ ಪೈಪಿನಲ್ಲಿ ನೀರು ಬಿಟ್ಟು ಬಟ್ಟೆಯಲ್ಲಿ ಒರೆಸುತ್ತಿದ್ದಿರಿ. ಕೊಡದೇ ಇದ್ದ 450 ರೂಪಾಯಿಯನ್ನು ಉಳಿತಾಯ ಅನ್ನಲಾಗದು. ವರ್ಷಕ್ಕೆ ಐದು ಸಲ ಹೋಗುತ್ತಿದ್ದವರಿಗೆ ಆ ಹತ್ತು ಸಾವಿರ ಹುಟ್ಟಲು ಐದು ವರ್ಷ ಬೇಕು, ಅಷ್ಟರಲ್ಲಿ ಮಿಷನ್ನಿನ ಆಯಸ್ಸೇ ಮುಗಿದಿರುತ್ತದೆ. ಎರಡು ಗಾಡಿ, ಒಂದು ಬೈಕು, ಜೊತೆಗೆ ಪಾಚಿ ಕಟ್ಟುವ ಅಂಗಳ, ಕಾಫಿ ಒಣಗಿಸುವ ಕಣ ಇರುವವರ ಲೆಕ್ಕ ಬೇರೆ. ನನ್ನ ಮಟ್ಟಿಗೆ ಹೇಳಬೇಕೆಂದರೆ ಮಿಷನ್ನಿನ ದುಡ್ಡು ಹುಟ್ಟಿದ್ದು ಕಾರಿನಿಂದಲ್ಲ, ಕಣದಿಂದ. ಕೊಯ್ಲಿಗೆ ಮುಂಚೆ ಕಣದ ಪಾಚಿ ಕೆರೆಯಲು ಇಬ್ಬರು ಆಳು ಇಡೀ ದಿನ ಕೂರುತ್ತಿದ್ದರು.

ಇನ್ನು ಬಾರ್. ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಡಬ್ಬದ ಮೇಲೆ 110 ಬಾರ್ ಅಂತಲೋ 1,600 ಪಿಎಸ್‌ಐ ಅಂತಲೋ ಬರೆದಿದ್ದರೆ ಎರಡೂ ಒಂದೇ. ಪಿಎಸ್‌ಐ ಅಂಕಿ ದೊಡ್ಡದಾಗಿ ಕಾಣುತ್ತದೆ ಅಂತ ಅದನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ. ಅದೂ ಗರಿಷ್ಠ ಒತ್ತಡ. ಗನ್ ಒತ್ತಿ ನೀರು ಹೊಡೆಯುವಾಗ ಇರುವ ಒತ್ತಡ ಅದಕ್ಕಿಂತ ಎಷ್ಟೋ ಕಡಿಮೆ. ಮಿಷನ್ನಿನ ಬೆನ್ನಿಗೆ ಅಂಟಿಸಿದ ಪಟ್ಟಿಯಲ್ಲಿ ರೇಟೆಡ್ ಪ್ರೆಷರ್ ಅಂತ ಬೇರೆ ಅಂಕಿ ಇರುತ್ತದೆ, ಅದನ್ನು ಓದಿ. ಕಾರಿನ ಬಣ್ಣಕ್ಕೆ ಅಷ್ಟು ಧಾರಾಳ ಸಾಕು. ಹೆಚ್ಚು ಒತ್ತಡದ ನೀರನ್ನು ಹತ್ತಿರದಿಂದ ಹೊಡೆದರೆ ಹಳೇ ಜೀಪಿನ ಬಣ್ಣ ಚಕ್ಕೆ ಏಳುತ್ತದೆ, ಟೈರಿನ ಪಕ್ಕ ಸೀಳುತ್ತದೆ, ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಬಿಳಿ ಬಣ್ಣದ 40 ಡಿಗ್ರಿ ನಾಝಲ್ ಹಾಕಿ, ಒಂದಡಿ ದೂರ ನಿಂತು ಹೊಡೆದರೆ ಸಾಕು. ಕೆಂಪು ಬಣ್ಣದ ಸೊನ್ನೆ ಡಿಗ್ರಿ ನಾಝಲ್ ಕಾರಿನ ಕೆಲಸಕ್ಕೆ ಬೇಡವೇ ಬೇಡ, ಮಕ್ಕಳ ಕೈಗೂ ಸಿಗಬಾರದು. ಆ ಧಾರೆ ಚರ್ಮ ಸೀಳಿ ಒಳಗೆ ಇಳಿಯುತ್ತದೆ.

ಈಗ ವೋಲ್ಟೇಜ್ ವಿಷಯ. ಯುರೋಪಿನ ಮೊದಲ ಬಿಸಿನೀರಿನ ಹೈ ಪ್ರೆಷರ್ ಯಂತ್ರ ಮಾಡಿದ್ದು ಜರ್ಮನಿಯ ಕಾರ್ಚರ್ ಕಂಪನಿ, 1950ರಲ್ಲಿ. ಮನೆಯವರು ಎಳೆದುಕೊಂಡು ಓಡಾಡುವಂಥ ಸಣ್ಣದನ್ನು ಅದು ತಂದದ್ದು 1984ರಲ್ಲಿ. ಗೋಡೆಯ ಪ್ಲಗ್ಗಿನಲ್ಲಿ ವರ್ಷವಿಡೀ ಒಂದೇ ವೋಲ್ಟೇಜ್ ಬರುವ ದೇಶದಲ್ಲಿ ಹುಟ್ಟಿದ ಸಾಮಾನು ಇದು. ನಮ್ಮ ಗುಡ್ಡದ ಮನೆಗೆ ಕರೆಂಟು ಬರುವುದು ಎಲ್ಲೋ ದೂರದ ಟ್ರಾನ್ಸ್‌ಫಾರ್ಮರಿನಿಂದ, ಮರಗಳ ನಡುವೆ ಎಳೆದ ತಂತಿಯಲ್ಲಿ. ಫೆಬ್ರವರಿ–ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಶುರುವಾಗಿ ಅಕ್ಕಪಕ್ಕದವರ ಮೋಟಾರುಗಳೆಲ್ಲ ಒಟ್ಟಿಗೆ ಓಡುವಾಗ ನಮ್ಮ ಮನೆಯ ಮೀಟರು 180 ತೋರಿಸಿದ್ದುಂಟು.

ಯೂಟ್ಯೂಬಿನಲ್ಲಿ ಎಲ್ಲರೂ ಹೇಳುವುದು ‘ಇಂಡಕ್ಷನ್ ಮೋಟಾರ್ ತಗೊಳ್ಳಿ, ಸದ್ದಿಲ್ಲ, ಬಾಳಿಕೆ ಹೆಚ್ಚು’ ಅಂತ. ವೋಲ್ಟೇಜ್ ಸರಿಯಿದ್ದಲ್ಲಿ ಮಾತು ನಿಜ. ಬ್ರಷ್ ಮೋಟಾರು ಕಿವಿ ಕಿತ್ತುಹೋಗುವಂತೆ ಕಿರುಚುತ್ತದೆ, ಇಪ್ಪತ್ತು ನಿಮಿಷಕ್ಕೊಮ್ಮೆ ಆರಲು ಬಿಡಬೇಕು. ಆದರೆ ವೋಲ್ಟೇಜ್ ಇಳಿದಾಗ ಎರಡರ ನಡವಳಿಕೆ ತಿರುಗುಮುರುಗು. ಬ್ರಷ್ ಮೋಟಾರು ನಿಧಾನವಾಗಿ ಓಡುತ್ತದೆ, ನೀರಿನ ರಭಸ ಕುಗ್ಗುತ್ತದೆ, ಅಷ್ಟೇ. ಇಂಡಕ್ಷನ್ ಮೋಟಾರು ಶುರುವಾಗಲಿಕ್ಕೇ ತಿಣುಕುತ್ತದೆ, ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ, ಹಟ ಹಿಡಿದು ಓಡಿಸಿದರೆ ವೈಂಡಿಂಗ್ ಸುಡುತ್ತದೆ. ಹದಿನೈದು ಸಾವಿರದ ಇಂಡಕ್ಷನ್ ಮಿಷನ್ನಿಗೆ ಸ್ಟೆಬಿಲೈಸರ್ ಖರ್ಚನ್ನೂ ಕೂಡಿಸಿ ನೋಡಿ. ಹೋಂಸ್ಟೇ ನಡೆಸುವವರು, ದಿನಾ ಅತಿಥಿಗಳ ಗಾಡಿ ತೊಳೆಯಬೇಕಾದವರು ಆ ದುಡ್ಡು ಹಾಕಲಿ. ತಿಂಗಳಿಗೆರಡು ಸಲ ತೊಳೆಯುವ ನಮಗೆ ಬ್ರಷ್ಷಿನದೇ ಲೇಸು. ಕಾರ್ಬನ್ ಸವೆದರೆ ಜೊತೆಗೆ ನೂರಿನ್ನೂರು ರೂಪಾಯಿ. ಬಿಡಿಭಾಗ ಹಾಸನದಲ್ಲಿ ಸಿಗುವ ಕಂಪನಿಯದಾಗಿರಬೇಕು ಅಷ್ಟೇ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಮಿಷನ್ನಿಗೆ ಒಂದು ಓ-ರಿಂಗ್ ಹೋದರೂ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕು. ಕೊಳ್ಳುವ ಮೊದಲು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ‘ಗನ್ನಿನ ಓ-ರಿಂಗ್ ಇದೆಯಾ’ ಅಂತ ಕೇಳಿ. ಅವರು ಕೊಡುವ ಉತ್ತರಕ್ಕೆ ವಾರಂಟಿ ಕಾರ್ಡಿಗಿಂತ ಬೆಲೆ ಹೆಚ್ಚು.

ನೀರಿನ ಬಗ್ಗೆ ನಮ್ಮವರಿಗೆ ಉದಾಸೀನ, ಮಲೆನಾಡಲ್ಲವೇ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಾಗ ಇಲ್ಲಿ ನಕ್ಕವರಿದ್ದರು. ಅದೇ ಬೇಸಿಗೆಯಲ್ಲಿ ನಮ್ಮ ಬಾವಿಯ ತಳವೂ ಕಂಡಿತ್ತು. ಗಂಟೆಗೆ 360 ಲೀಟರಿನ ಮಿಷನ್ ನಿಮಿಷಕ್ಕೆ ಕೊಡುವುದು ಆರು ಲೀಟರು. ಗನ್ ಒತ್ತಿದ ಹೊತ್ತನ್ನಷ್ಟೇ ಲೆಕ್ಕ ಹಾಕಿದರೆ ಒಂದು ಕಾರಿಗೆ ತೊಂಬತ್ತು ಲೀಟರು ಸಾಕು. ತೆರೆದ ಪೈಪಿನಲ್ಲಿ ಅದರ ಎರಡು ಮೂರು ಪಟ್ಟು ಹರಿದುಹೋಗುತ್ತದೆ. ಮಿಷನ್ನಿಗೆ ಮಾತ್ರ ನೀರು ಸತತವಾಗಿ ಬರಬೇಕು. ನೀರಿಲ್ಲದೆ ಓಡಿದರೆ ಪಂಪಿನ ಸೀಲು ಕೆಲವೇ ನಿಮಿಷದಲ್ಲಿ ಹಾಳು. ಮಳೆಗಾಲದಲ್ಲಿ ಹಳ್ಳದಿಂದ ಟ್ಯಾಂಕಿಗೆ ಏರಿದ ಕೆಂಪು ನೀರಾದರೆ ಫಿಲ್ಟರನ್ನು ಪ್ರತಿ ಸಲವೂ ಬಿಚ್ಚಿ ತೊಳೆಯಬೇಕು. ನಾನು ಒಂದು ಡ್ರಮ್ಮಿನಲ್ಲಿ ನೀರು ತುಂಬಿ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಬೆಳಿಗ್ಗೆ ಅದರ ಮೇಲಿನ ನೀರನ್ನು ಎಳೆಸುತ್ತೇನೆ. ಬಕೆಟ್ಟಿನಿಂದ ತಾನೇ ನೀರೆಳೆಯುವ ಮಿಷನ್ನೋ ಅಲ್ಲವೋ ಎಂಬುದನ್ನು ಅಂಗಡಿಯಲ್ಲೇ ಓಡಿಸಿ ತೋರಿಸಲು ಹೇಳಿ.

ಫೋಮ್ ವಿಷಯಕ್ಕೆ ಬಂದರೆ, ಮಿಷನ್ ಜೊತೆ ಪುಕ್ಕಟೆ ಬರುವ ಪ್ಲಾಸ್ಟಿಕ್ ಬಾಟಲಿ ಸೋಪಿನ ನೀರು ಚಿಮುಕಿಸುತ್ತದೆ, ನೊರೆ ಮಾಡುವುದಿಲ್ಲ. ಗಟ್ಟಿ ನೊರೆ ಬೇಕೆಂದರೆ ಹಿತ್ತಾಳೆಯ ತಲೆಯಿರುವ ಫೋಮ್ ಗನ್ ಬೇರೆ ಕೊಳ್ಳಬೇಕು. ಅದರೊಳಗೆ ಸಣ್ಣ ತೂತೊಂದಿದೆ, ಅದರ ಮುಂದೆ ತಂತಿಯ ಬಲೆಯ ಉಂಡೆ. ತೂತಿನಿಂದ ನುಗ್ಗಿದ ನೀರು ಶಾಂಪೂವನ್ನೂ ಗಾಳಿಯನ್ನೂ ಎಳೆದುಕೊಂಡು ಆ ಬಲೆಯಲ್ಲಿ ಕಡೆದುಕೊಂಡು ನೊರೆಯಾಗಿ ಬರುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಗನ್ನಿನ ತೂತು 1.25 ಮಿಲಿಮೀಟರ್, ಅದು ಹೆಚ್ಚು ನೀರು ತಳ್ಳುವ ದೊಡ್ಡ ಮಿಷನ್ನಿಗೆ ಹೊಂದುವಂಥದ್ದು. ನಮ್ಮ ಆರು ಲೀಟರಿನ ಮಿಷನ್ನಿಗೆ ಹಾಕಿದರೆ ತೆಳ್ಳಗೆ ಮಜ್ಜಿಗೆಯಂತೆ ಇಳಿಯುತ್ತದೆ. 1.1 ಮಿಲಿಮೀಟರಿನದು ಕೇಳಿ ತನ್ನಿ, ನಿಮ್ಮ ಮಿಷನ್ನಿನ ಗನ್ನಿಗೆ ಕೂರುವ ಅಡಾಪ್ಟರನ್ನೂ ಆಗಲೇ ಹಾಕಿ ನೋಡಿ. ಒಂದೊಂದು ಕಂಪನಿಯದು ಒಂದೊಂದು ಬಗೆ.

ಒಂದು ವಿಷಯದಲ್ಲಿ ನಾವು ಪುಣ್ಯವಂತರು. ಅರಸೀಕೆರೆ ಕಡೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೊರೆ ಏಳಿಸಲು ಎರಡು ಪಾಲು ಶಾಂಪೂ ಸುರಿಯಬೇಕು, ಒಣಗಿದಮೇಲೆ ಗಾಜಿನ ತುಂಬ ಬಿಳಿ ಚುಕ್ಕೆ. ನಮ್ಮ ಗುಡ್ಡದ ನೀರು ಮೆದು, ಐವತ್ತು ಎಂಎಲ್ ಶಾಂಪೂಗೆ ಕಾರೆಲ್ಲ ಮುಚ್ಚುತ್ತದೆ. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಬಣ್ಣದ ಮೇಲಿನ ವ್ಯಾಕ್ಸ್ ಎದ್ದುಹೋಗುತ್ತದೆ. ನೊರೆ ಹಾಕಿ ನಾಲ್ಕೈದು ನಿಮಿಷ ನೆರಳಲ್ಲಿ ಬಿಡಿ. ಕೆಮ್ಮಣ್ಣು ಸಡಿಲವಾಗಿ, ನೊರೆ ಕೆಂಪಗಾಗಿ ಜಾರತೊಡಗುತ್ತದೆ. ಒಣಗಲು ಬಿಡಬೇಡಿ. ನೊರೆಯೊಂದರಿಂದಲೇ ಕಾರು ಶುಭ್ರವಾಗುತ್ತದೆ ಅನ್ನುವುದು ಜಾಹೀರಾತು. ಕೊನೆಗೆ ಕೈಹಾಕಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಉಜ್ಜಲೇಬೇಕು. ನೊರೆಯ ಉಪಯೋಗ ಇಷ್ಟೇ: ಉಜ್ಜುವ ಮೊದಲೇ ಮರಳಿನ ಕಣಗಳನ್ನು ಇಳಿಸಿ ಗೀರು ತಪ್ಪಿಸುತ್ತದೆ. ಬಿಳಿ ಗಾಡಿಯಲ್ಲಿ ಗೀರು ಕಾಣುವುದೂ ಕಮ್ಮಿ. ಕಪ್ಪು ಗಾಡಿಯವರಿಗೆ ಆ ಸಾವಿರ ರೂಪಾಯಿ ಸಾರ್ಥಕ, ಬಿಳಿಯವರು ಒಂದು ವರ್ಷ ತಡೆದು ಕೊಂಡರೂ ನಷ್ಟವಿಲ್ಲ. ತೊಳೆದ ನೀರು ಹಳ್ಳಕ್ಕೆ ಇಳಿಯುವ ಜಾಗದಲ್ಲಿ ಮಾತ್ರ ಗಾಡಿ ನಿಲ್ಲಿಸಬೇಡಿ, ನಮ್ಮ ಹಳ್ಳಗಳು ಸೇರುವುದು ಹೇಮಾವತಿಯನ್ನೇ.

ಇಷ್ಟೆಲ್ಲ ಕೇಳಿದ ಮೇಲೆ ಬುದ್ಧಿವಂತರು ಕೇಳುವ ಪ್ರಶ್ನೆ ಒಂದಿದೆ: ‘ಬೋರ್ಡೋ ಹೊಡೆಯೋ ಎಚ್‌ಟಿಪಿ ಪಂಪು ಮನೇಲೇ ಇದೆಯಲ್ಲ, ಅದರಲ್ಲೇ ತೊಳೆದರೆ?’ ಒಳ್ಳೆಯ ಪ್ರಶ್ನೆ. ಅದರ ಒತ್ತಡ ವಾಷರಿನ ಮುಂದೆ ಕಡಿಮೆಯೇ, ಆದರೆ ನೀರು ಮೂರು ನಾಲ್ಕು ಪಟ್ಟು ಹೆಚ್ಚು. ಚಾಸಿಸ್ ಅಡಿಯ, ಚಕ್ರದ ಗೂಡಿನ ಮಣ್ಣನ್ನು ಕೀಳಲು ಒತ್ತಡಕ್ಕಿಂತ ನೀರಿನ ಮೊತ್ತವೇ ಮುಖ್ಯ. ಜೀಪಿಗೂ ಪಿಕಪ್ಪಿಗೂ ನಾನು ಈಗಲೂ ಅದನ್ನೇ ಬಳಸುವುದು. ಪೆಟ್ರೋಲಿನಲ್ಲಿ ಓಡುವುದರಿಂದ ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದರೂ ಚಿಂತೆಯಿಲ್ಲ. ಹೊಸ ಕಾರಿಗೆ ಮಾತ್ರ ಬೇಡ. ಪೈಪಿನಲ್ಲಿ ಉಳಿದ ಮೈಲುತುತ್ತ–ಸುಣ್ಣ ಬಣ್ಣದ ಮೇಲೆ ಕಲೆ ಕಟ್ಟುತ್ತದೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ ಅಂತ ತಾನೇ ನಾವು ಬೋರ್ಡೋವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡುವುದು? ಜೀಪಿಗೆ ಬಳಸುವಾಗಲೂ ಮೊದಲು ಒಂದಷ್ಟು ಹೊತ್ತು ಬರೀ ನೀರು ಓಡಿಸಿ ಪೈಪು ತೊಳೆದುಕೊಳ್ಳಿ.

ಕೊಳ್ಳುವುದು ಯಾವಾಗ? ಜೂನ್‌ನಲ್ಲಿ ಕೆಸರು ಕಂಡಾಗ ಎಲ್ಲರಿಗೂ ಆಸೆ ಹುಟ್ಟುತ್ತದೆ, ಆದರೆ ಆಗ ಗೊಬ್ಬರಕ್ಕೆ, ಬೋರ್ಡೋಗೆ ದುಡ್ಡು ಬೇಕು. ಅಂಗಡಿಯವನು ‘ನೋ ಕಾಸ್ಟ್ ಇಎಂಐ ಸಾರ್’ ಅನ್ನುತ್ತಾನೆ. ಅದಕ್ಕೆ ಪ್ರೊಸೆಸಿಂಗ್ ಫೀ ಎಷ್ಟು, ಒಂದೇ ಸಲ ಕೊಟ್ಟರೆ ಎಷ್ಟು ಬಿಡುತ್ತೀರಿ, ಎರಡನ್ನೂ ಕೇಳಿ. ಬಿಡುವ ದುಡ್ಡೇ ಬಡ್ಡಿ. ಮೇಲಾಗಿ ಕಂತು ತಿಂಗಳು ತಿಂಗಳು ಬರುತ್ತದೆ, ಕಾಫಿ ದುಡ್ಡು ವರ್ಷಕ್ಕೊಂದೇ ಸಲ. ಕಾಫಿ ಕೊಟ್ಟ ಮಾರ್ಚಿನಲ್ಲೇ ನಗದು ಕೊಟ್ಟು, ಬಿಲ್ ಹಾಕಿಸಿ ತನ್ನಿ.

ಹತ್ತು ಸಾವಿರದಲ್ಲಿ ಯಾವುದನ್ನು ಬೇಕಾದರೂ ಕಡಿಮೆ ಮಾಡಿ, ಆ ವೈರಿಂಗಿನ 1,500ನ್ನು ಮಾತ್ರ ಮುಟ್ಟಬೇಡಿ. ಒದ್ದೆ ಅಂಗಳ, ಬರಿಗಾಲು, ಕೈಯಲ್ಲಿ ಕರೆಂಟಿನ ಮಿಷನ್, ಅಜ್ಜನ ಕಾಲದ ಮನೆಯ ಅರ್ತಿಂಗ್. ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿಯೇ ಹಾಕಬೇಕು, ಸುತ್ತಿದಂತೆಯೇ ಬಿಟ್ಟರೆ ಬಿಸಿಯಾಗಿ ಕರಗುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕರೆಂಟು ಸೋರಿದ ಕ್ಷಣ ಲೈನ್ ಕಡಿಯುತ್ತದೆ. ಮಿಷನ್ನನ್ನು ಆಮೇಲೆ ತಂದರಾಯಿತು. ಈ ವಾರವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ನೋಡಿಸಿ, ಸಂಜೆ ಏಳಕ್ಕೆ ಅಂಗಳದ ಪ್ಲಗ್ಗಿನಲ್ಲಿ ವೋಲ್ಟೇಜ್ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ.