ಮರೆತ ಖಾತೆಗಳ ಗತಿ

ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 12ನೆಯ ಶತಮಾನದ ಶಿಲಾಶಾಸನಗಳಿವೆ. ಓದುವವರಿಲ್ಲದೆ ಎಷ್ಟೋ ತಲೆಮಾರುಗಳು ಕಳೆದರೂ ಕಲ್ಲಿನ ಅಕ್ಷರಗಳು ಅಳಿಯಲಿಲ್ಲ. ಅದೇ ಊರಿನ ವಿದ್ಯಾರ್ಥಿಯೊಬ್ಬನು ತನ್ನ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಮನೆಯವರ ಭಾವಚಿತ್ರಗಳನ್ನು ಅಂತರ್ಜಾಲದ ಉಚಿತ ಖಾತೆಯೊಂದರಲ್ಲಿರಿಸಿ ಎರಡು ವರ್ಷ ಅತ್ತ ತಿರುಗಿ ನೋಡದಿದ್ದರೆ ಅವು ಶಾಶ್ವತವಾಗಿ ಇಲ್ಲವಾಗಬಹುದು. ಇದೇಕೆ ಹೀಗೆ? ವಿಚಾರಿಸೋಣ.

'ಉಚಿತ' ಎಂಬ ಮಾತು ಬಳಸುವವನಿಗಷ್ಟೇ ಸಲ್ಲುತ್ತದೆ. ನಮ್ಮ ಕಡತಗಳು ಗಾಳಿಯಲ್ಲಿ ತೇಲುತ್ತಿರುವುದಿಲ್ಲ. ಡೇಟಾ ಸೆಂಟರುಗಳೆಂಬ ಕಟ್ಟಡಗಳಲ್ಲಿ, ಡಿಸ್ಕುಗಳ ಮೇಲೆ ಇರುತ್ತವೆ. ಡಿಸ್ಕು ಕೆಟ್ಟರೂ ಕಡತ ಉಳಿಯಬೇಕಾದುದರಿಂದ ಒಂದೊಂದಕ್ಕೂ ಹಲವು ಪ್ರತಿಗಳನ್ನಿಡುತ್ತಾರೆ. ಆ ಯಂತ್ರಗಳನ್ನು ನಡೆಸಲೂ ತಂಪಾಗಿಡಲೂ ಹಗಲಿರುಳು ವಿದ್ಯುತ್ತು ಬೇಕು. ಈ ವೆಚ್ಚವು ಜಾಹೀರಾತು ಮತ್ತು ಚಂದಾಹಣದಿಂದ ತುಂಬಿಬರಬೇಕು.

ವೆಚ್ಚಕ್ಕಿಂತಲೂ ಹೆಚ್ಚಿನ ಕಾರಣ ಸುರಕ್ಷತೆ. ಯಜಮಾನನಿಲ್ಲದ ಪಾಳುಮನೆ ಕಳ್ಳರಿಗೆ ಅಡಗುದಾಣವಾಗುವಂತೆ, ಮರೆತ ಖಾತೆಯೂ ವಂಚಕರ ಕೈಸೇರಬಹುದು. ಅದರ ಪಾಸ್‌ವರ್ಡ್ ಹಳೆಯದು; ಬೇರೆಡೆ ಬಯಲಾಗಿಯೂ ಇರಬಹುದು. ಬಿಟ್ಟುಹೋದ ಖಾತೆಗಳಲ್ಲಿ ಎರಡು ಹಂತದ ತಪಾಸಣೆ ಇರುವ ಸಂಭವವು ಬಳಕೆಯ ಖಾತೆಗಳಿಗಿಂತ ಕಡೆಯಪಕ್ಷ ಹತ್ತು ಪಟ್ಟು ಕಡಿಮೆಯೆಂದು ಗೂಗಲ್ ಸಂಸ್ಥೆಯು 2023ರಲ್ಲಿ ತಿಳಿಸಿತು.

ಖಾತೆಯು ನಿಷ್ಕ್ರಿಯವೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಪ್ರತಿ ಪ್ರವೇಶದ ದಿನಾಂಕವೂ ದಾಖಲಾಗುತ್ತದೆ. ಮಿಕ್ಕದ್ದು ಕೇವಲ ವ್ಯವಕಲನ. ಕೊನೆಯ ಬಳಕೆ 2025ರ ಜೂನ್ 10ರಂದು ಆಗಿದ್ದು ಮಿತಿ ಎರಡು ವರ್ಷವಾಗಿದ್ದರೆ, 2027ರ ಜೂನ್ 10ಕ್ಕೆ ಅವಧಿ ತೀರುತ್ತದೆ. ಗೂಗಲ್ ಸಂಸ್ಥೆಯು ವೈಯಕ್ತಿಕ ಖಾತೆಗಳಿಗೆ ಈ ಎರಡು ವರ್ಷದ ನಿಯಮವನ್ನು 2023ರ ಮೇ ತಿಂಗಳಲ್ಲಿ ಸಾರಿ, ಅದೇ ಡಿಸೆಂಬರಿನಿಂದ ಜಾರಿಗೆ ತಂದಿತು. ಅಳಿಸುವ ಮುನ್ನ ಆ ಖಾತೆಗೂ, ಅದರೊಡನೆ ನಮೂದಿಸಿದ ಮತ್ತೊಂದು ಇ-ಮೇಲ್ ವಿಳಾಸಕ್ಕೂ ಎಚ್ಚರಿಕೆ ಕಳುಹಿಸಲಾಗುತ್ತದೆ. ಒಳಹೊಕ್ಕು ಒಂದು ಪತ್ರವನ್ನು ಓದಿದರೂ ಸಾಕು, ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಶಾಲೆ, ಕಚೇರಿಗಳು ಕೊಟ್ಟ ಖಾತೆಗಳಿಗೆ ಈ ನಿಯಮವಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಕರೆ, ಸಂದೇಶ, ಡೇಟಾ ಯಾವುದೂ ಇಲ್ಲದೆ 90 ದಿನ ಕಳೆದು, ಉಳಿಕೆ ಹಣವು 20 ರೂಪಾಯಿಗಿಂತ ಕಡಿಮೆಯಿದ್ದರೆ, ಪ್ರೀಪೇಯ್ಡ್ ಮೊಬೈಲ್ ಸಂಖ್ಯೆಯು ರದ್ದಾಗಬಹುದು. ಮುಂದೆ ಅದನ್ನು ಬೇರೊಬ್ಬರಿಗೆ ಕೊಡಬಹುದು. ಮನೆಯವರೆಲ್ಲ ಕಬ್ಬು ಕಡಿಯಲು ಹೊರನಾಡಿಗೆ ಹೋದ ಸುಗ್ಗಿಯಲ್ಲಿ ಹಳೆಯ ಸಿಮ್ ಸತ್ತಿತೆನ್ನಿ. ಖಾತೆ ಇನ್ನೂ ಜೀವಂತವಾಗಿದೆ, ಪಾಸ್‌ವರ್ಡೂ ನೆನಪಿದೆ. ಆದರೆ ಓಟಿಪಿ ಹೋಗುವುದು ಅಪರಿಚಿತನ ಕೈಗೆ! ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಕಾಗದಗಳು ಒಳಗೆ, ಯಜಮಾನನು ಹೊರಗೆ. ಖಾತೆಯ ಎರಡು ವರ್ಷಕ್ಕಿಂತ ಸಿಮ್ಮಿನ ಮೂರು ತಿಂಗಳೇ ಹೆಚ್ಚು ಅಪಾಯಕರವೆಂಬುದು ಇದರಿಂದ ಸ್ಪಷ್ಟ.

ಪರಿಹಾರ ಸುಲಭ. ಆರು ತಿಂಗಳಿಗೊಮ್ಮೆಯಾದರೂ ಖಾತೆಯನ್ನು ತೆರೆಯಿರಿ. ಸಂಖ್ಯೆ ಬದಲಾದ ದಿನವೇ ಹೊಸದನ್ನು ನಮೂದಿಸಿರಿ. ಬದಲಿ ಸಂಕೇತಗಳನ್ನು ಪಡೆದು ಕಾಗದದಲ್ಲಿ ಬರೆದಿಡಿರಿ. ಮುಖ್ಯ ಕಡತಗಳ ಇನ್ನೊಂದು ಪ್ರತಿಯು ಪೆನ್‌ಡ್ರೈವಿನಲ್ಲಿರಲಿ. ಖಾತೆ ನಿಷ್ಕ್ರಿಯವಾದಾಗ ಅದರೊಳಗಿನದು ಯಾರಿಗೆ ಸೇರಬೇಕೆಂದು ಮೊದಲೇ ಗೊತ್ತುಮಾಡುವ ಅನುಕೂಲವನ್ನು ಗೂಗಲ್ 2013ರಿಂದ ಒದಗಿಸಿದೆ. ನಂಬಿಕಸ್ತರಾದ ಹತ್ತು ಮಂದಿಯವರೆಗೆ ಹೆಸರಿಸಬಹುದು.

ಕಲ್ಲಿನ ಬರಹ ತನ್ನ ಪಾಡಿಗೆ ತಾನು ಉಳಿಯಿತು. ವಿದ್ಯುನ್ಮಾನ ಬರಹವಾದರೋ ನಾವು ಆಗಾಗ್ಗೆ ವಿಚಾರಿಸಿಕೊಂಡರೆ ಮಾತ್ರ ಉಳಿಯುತ್ತದೆ.