ಓದಿದರು ಸರಿ, ಅರ್ಥವಾಯಿತೇ? ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ಓದನ್ನು ಪರೀಕ್ಷಿಸುವುದು ಹೇಗೆ

ಈ ವಾಕ್ಯ ನೋಡಿ: ‘ದ ಬ್ಲಿಕ್ ಕ್ವಿಕ್ಲಿ ಟೋಮ್ಡ್ ದ ಗ್ರೂನ್.’ ಈಗ ಪ್ರಶ್ನೆ: ‘ಹೂ ಟೋಮ್ಡ್ ದ ಗ್ರೂನ್?’ ಉತ್ತರ ‘ದ ಬ್ಲಿಕ್’. ಪೂರ್ತಿ ಅಂಕ ಸಿಕ್ಕಿತು. ಆದರೆ ಬ್ಲಿಕ್, ಟೋಮ್ಡ್, ಗ್ರೂನ್ ಮೂರೂ ಈ ಬರಹಕ್ಕಾಗಿ ಕಟ್ಟಿದ, ಅರ್ಥವೇ ಇಲ್ಲದ ಪದಗಳು. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಿ, ಆ ಸಾಲನ್ನು ಹಾಗೇ ಇಳಿಸುವ ವಿದ್ಯೆ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಅದಕ್ಕೆ ನಾವು ಅಂಕ ಕೊಡುತ್ತಲೇ ಇರುತ್ತೇವೆ. ಮಗುವಿಗೆ ಓದಿದ್ದು ಅರ್ಥವಾಗಿಲ್ಲ ಎಂಬುದು ಪಿಯುಸಿಯಲ್ಲಿ ಭೌತಶಾಸ್ತ್ರದ ಇಂಗ್ಲಿಷ್ ಪುಸ್ತಕ ತೆರೆದ ದಿನ ತಿಳಿಯುತ್ತದೆ. ಆಗ ತುಂಬ ತಡವಾಗಿರುತ್ತದೆ.

ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯ ಕನ್ನಡ ಮಾಧ್ಯಮ ಪ್ರೌಢಶಾಲೆಗಳಿಗೆ ಹೊಸದಾಗಿ ಬಂದಿರುವ ಇಂಗ್ಲಿಷ್ ಶಿಕ್ಷಕರಿಗಾಗಿ, ಅದರಲ್ಲೂ ಅತಿಥಿ ಶಿಕ್ಷಕರಾಗಿ ಸೇರಿ ಮೊದಲ ಬಾರಿ ಪ್ರಶ್ನೆಪತ್ರಿಕೆ ತಯಾರಿಸುವವರಿಗಾಗಿ ಇದನ್ನು ಬರೆದಿದ್ದೇನೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್: ಇಲ್ಲಿನ ಬಹಳ ಮಕ್ಕಳಿಗೆ ಇಂಗ್ಲಿಷ್ ಮೂರನೆಯ ಭಾಷೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರು ಮಾಡಿದ್ದು 2007-08ರಲ್ಲಿ. ಹಾಗಾಗಿ ಈಗ ಎಂಟನೇ ತರಗತಿಗೆ ಬರುವ ಮಗು ಏಳು ವರ್ಷ ಇಂಗ್ಲಿಷ್ ಪಿರಿಯಡ್‌ನಲ್ಲಿ ಕೂತಿರುತ್ತದೆ. ಕೂತದ್ದರಲ್ಲಿ ಎಷ್ಟು ದಕ್ಕಿದೆ ಎಂದು ತಿಳಿಯುವ ದಾರಿ ಇಲ್ಲಿದೆ.

ಹಂತ 1: ಏನನ್ನು ಅಳೆಯುತ್ತೀರಿ ಎಂದು ಮೊದಲು ನಿರ್ಧರಿಸಿ

ಗಟ್ಟಿಯಾಗಿ ಓದುವುದು ಒಂದು, ಓದಿದ್ದು ತಿಳಿಯುವುದು ಇನ್ನೊಂದು, ತಿಳಿದದ್ದನ್ನು ಇಂಗ್ಲಿಷ್‌ನಲ್ಲಿ ಬರೆಯುವುದು ಮತ್ತೊಂದು. ನಮ್ಮ ಪರೀಕ್ಷೆಗಳಲ್ಲಿ ಈ ಮೂರೂ ಕಲಸಿಹೋಗಿವೆ. ಕಲಿಕೆಯ ಸಮೀಕ್ಷೆ ನಡೆಸುವ ‘ಅಸರ್’ ಸಂಸ್ಥೆ 2023ರಲ್ಲಿ ದೇಶದ ಆಯ್ದ ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಪರೀಕ್ಷಿಸಿದಾಗ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ. 57.3 ಇದ್ದರು. ಹಾಗೆ ಓದಿದವರಲ್ಲಿ ಅರ್ಥ ಹೇಳಬಲ್ಲವರು ಶೇ. 73.5. ಅಂದರೆ ಸರಾಗವಾಗಿ ಓದಿದ ನಾಲ್ವರಲ್ಲಿ ಒಬ್ಬರಿಗೆ ತಾವು ಓದಿದ ಸರಳ ವಾಕ್ಯದ ಅರ್ಥವೇ ಆಗಿರಲಿಲ್ಲ. ಓದಿನ ಗ್ರಹಿಕೆ ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆ ತಿಳಿಯುವ ಶಕ್ತಿ ಇವೆರಡರ ಗುಣಲಬ್ಧ ಎಂದು ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಹೇಳಿದರು. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆಯಾದರೆ ಫಲವೂ ಸೊನ್ನೆ.

ಆದ್ದರಿಂದ ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಳ್ಳಿ: ‘ಈ ಪರೀಕ್ಷೆ ಮೌನವಾಗಿ ಓದಿ ತಿಳಿಯುವುದನ್ನು ಮಾತ್ರ ಅಳೆಯುತ್ತದೆ.’ ಮುಂದಿನ ಪ್ರತಿ ತೀರ್ಮಾನವನ್ನೂ ಈ ಸಾಲಿಗೆ ಹೋಲಿಸಿ ನೋಡಿ.

ಹಂತ 2: ಪಾಠದಿಂದ ಹೊರಗಿನ ಗದ್ಯವನ್ನು ಆರಿಸಿ

ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಇದೆ. ಸ್ವಾಮಿ ಕಳ್ಳನ ಕಾಲು ಕಚ್ಚಿದ ಕಥೆ ಎಲ್ಲ ಮಕ್ಕಳಿಗೂ ಗೊತ್ತು, ಅದರ ಪ್ರಶ್ನೋತ್ತರ ನೋಟ್ಸಿನಲ್ಲಿ ಇದೆ, ಗೈಡಿನಲ್ಲೂ ಇದೆ. ಅದರ ಮೇಲೆ ಪ್ರಶ್ನೆ ಕೇಳಿದರೆ ನೆನಪಿನ ಪರೀಕ್ಷೆಯಾಗುತ್ತದೆ. ಎಸ್‌ಎಸ್‌ಎಲ್‌ಸಿಯ 80 ಅಂಕದ ಲಿಖಿತ ಪರೀಕ್ಷೆಯಲ್ಲಿ ದೊಡ್ಡ ಪಾಲು ಪಾಠ, ಪದ್ಯಗಳದ್ದು; ಅನ್‌ಸೀನ್ ಪ್ಯಾಸೇಜ್‌ಗೆ ಸಣ್ಣ ಪಾಲು. ಆದ್ದರಿಂದ ನಿಜವಾದ ಓದಿನ ಪರೀಕ್ಷೆಯನ್ನು ತರಗತಿಯಲ್ಲಿ ನೀವೇ ಮಾಡಬೇಕು.

ಎಂಟನೇ ತರಗತಿಗೆ 120ರಿಂದ 150 ಪದ, ಹತ್ತಕ್ಕೆ 200ರಿಂದ 250 ಪದ ಸಾಕು. ಗೊತ್ತಿಲ್ಲದ ಪದ ಎಷ್ಟಿರಬಹುದು? ಯಾರ ಸಹಾಯವೂ ಇಲ್ಲದೆ ಕಥೆಯೊಂದನ್ನು ಚೆನ್ನಾಗಿ ತಿಳಿಯಲು ಅದರ ನೂರು ಪದಗಳಲ್ಲಿ 98 ಗೊತ್ತಿರಬೇಕು ಎಂಬ ಅಂದಾಜಿಗೆ ಸಂಶೋಧಕರಾದ ಹು ಮತ್ತು ನೇಷನ್ 2000ದಲ್ಲಿ ಬಂದರು. 200 ಪದದ ಗದ್ಯದಲ್ಲಿ ಇದು ಬರೀ ನಾಲ್ಕು ಹೊಸ ಪದಕ್ಕೆ ಬಂತು. ನಾವು ಕೊಡುವ ಗದ್ಯಗಳಲ್ಲಿ ಇಪ್ಪತ್ತು ಮೂವತ್ತು ಇರುತ್ತವೆ. ಮಧ್ಯಮ ಮಟ್ಟದ ನಾಲ್ಕೈದು ಮಕ್ಕಳಿಗೆ ಗದ್ಯ ಕೊಟ್ಟು ಗೊತ್ತಿಲ್ಲದ ಪದಕ್ಕೆ ಗೆರೆ ಹಾಕಿಸಿ. ಗೆರೆ ಹೆಚ್ಚಾದರೆ ಗದ್ಯ ಬದಲಿಸಿ, ಇಲ್ಲವೇ ಆ ಪದಗಳ ಅರ್ಥವನ್ನು ಕೆಳಗೆ ಕನ್ನಡದಲ್ಲಿ ಕೊಡಿ. ಆದರೆ ಈ ಮಕ್ಕಳನ್ನು ನಿಜವಾದ ಪರೀಕ್ಷೆಗೆ ಲೆಕ್ಕ ಹಿಡಿಯಬಾರದು. ಪಕ್ಕದ ಸೆಕ್ಷನ್‌ನವರನ್ನು ಕರೆದರೆ ಒಳ್ಳೆಯದು.

ಇನ್ನು ವಿಷಯದ ಆಯ್ಕೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಒಳ್ಳೆಯ ಉದ್ದೇಶದಿಂದಲೇ ಇಲ್ಲಿ ಪರೀಕ್ಷೆ ಕೆಡುತ್ತದೆ. ಊರಿನ ವಿಷಯ ಕೊಟ್ಟರೆ ಮಕ್ಕಳಿಗೆ ಹತ್ತಿರವಾಗುತ್ತದೆ ಎಂದು ನೀವು ಕಂಬಳದ ಮೇಲೆ ಗದ್ಯ ಕೊಟ್ಟಿರಿ ಎನ್ನಿ. ಕೋಣ ಎಷ್ಟು, ಓಡುವುದೆಲ್ಲಿ, ಕೆಸರುಗದ್ದೆ ಏಕೆ ಎಂಬ ಪ್ರಶ್ನೆಗೆ ಮಿಜಾರಿನ ಹುಡುಗ ಗದ್ಯ ನೋಡದೆ ಉತ್ತರ ಬರೆಯುತ್ತಾನೆ. ಅವನ ಊರಿನ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಅವನಿಗೆ ಬಾಯಿಪಾಠ. ಅದೇ ಬೆಂಚಿನಲ್ಲಿ ಉತ್ತರ ಕರ್ನಾಟಕದಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿ ಇರಬಹುದು. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಗೆ ರಾಜ್ಯದ ಎಲ್ಲ ಕಡೆಯಿಂದ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಬರುತ್ತಾರೆ. ಆ ಹುಡುಗಿಯ ಇಂಗ್ಲಿಷ್ ಇವನಿಗಿಂತ ಚೆನ್ನಾಗಿದ್ದರೂ ಅಂಕ ಕಡಿಮೆ ಬರುತ್ತದೆ.

ಇದು ಊಹೆಯಲ್ಲ. ಸ್ಟೆಫನ್ಸನ್, ಜೋಗ್‌ದೇವ್ ಮತ್ತು ಆ್ಯಂಡರ್ಸನ್ 1979ರಲ್ಲಿ ಎರಡು ಪತ್ರಗಳನ್ನು ಭಾರತೀಯರಿಗೂ ಅಮೆರಿಕನ್ನರಿಗೂ ಓದಲು ಕೊಟ್ಟರು. ಒಂದರಲ್ಲಿ ಭಾರತೀಯ ಮದುವೆ, ಇನ್ನೊಂದರಲ್ಲಿ ಅಮೆರಿಕದ ಮದುವೆ. ಎರಡೂ ಇಂಗ್ಲಿಷ್‌ನಲ್ಲೇ ಇದ್ದವು. ಎರಡೂ ಗುಂಪಿನವರು ತಮ್ಮ ಕಡೆಯ ಮದುವೆಯನ್ನು ಬೇಗ ಓದಿದರು, ಹೆಚ್ಚು ನೆನಪಿಟ್ಟರು, ಇನ್ನೊಂದನ್ನು ಹೆಚ್ಚು ತಪ್ಪಾಗಿ ಅರ್ಥಮಾಡಿಕೊಂಡರು.

ಹಾಗೆಂದು ಊರನ್ನು ಬಿಟ್ಟೇಬಿಡಬೇಡಿ. ಎರಡು ಗದ್ಯ ಕೊಡಿ. ಒಂದು ಪರಿಚಿತ ಪರಿಸರದಲ್ಲಿ ನಡೆಯುವ, ಆದರೆ ಹೊಸ ಘಟನೆಯಿರುವ ಕಥೆ. ಇನ್ನೊಂದು ಎಲ್ಲರಿಗೂ ಸಮನಾಗಿ ಅಪರಿಚಿತ, ಹಿಮ ಬೀಳುವ ಊರಿನ ಶಾಲೆಯಂಥದು. ಸಾವಿರ ಕಂಬದ ಬಸದಿಯ ಬಗ್ಗೆ ಕೊಡುವುದಾದರೆ ‘1430ರಲ್ಲಿ ಕಟ್ಟಿದ್ದು’ ಎಂಬುದನ್ನು ಪ್ರಶ್ನೆ ಮಾಡಬೇಡಿ. ಬಸದಿ ನೋಡಲು ಬಂದ ಪ್ರವಾಸಿಯೊಬ್ಬ ಯಾಕೆ ಅರ್ಧಕ್ಕೇ ಹಿಂದಿರುಗಿದ ಎಂಬಂಥ, ಗದ್ಯದಲ್ಲಿ ಮಾತ್ರ ಇರುವ ಸಂಗತಿಯನ್ನು ಕೇಳಿ.

ಹಂತ 3: ಸಾಲು ಇಳಿಸಿದರೆ ಉತ್ತರ ಸಿಗದಂಥ ಪ್ರಶ್ನೆ ಕಟ್ಟಿ

ಒಂದು ಸಣ್ಣ ಗದ್ಯ ಹೀಗಿದೆ ಎಂದುಕೊಳ್ಳಿ (ಮಕ್ಕಳಿಗೆ ಇಂಗ್ಲಿಷ್‌ನಲ್ಲಿ, ಇಲ್ಲಿ ಸಾರಾಂಶ): ಅಜ್ಜಿ ಮತ್ತು ಮೊಮ್ಮಗಳು ಸ್ಟ್ಯಾಂಡಿನಲ್ಲಿ ವೇಣೂರು ಬಸ್ಸಿಗೆ ಕಾಯುತ್ತಿದ್ದಾರೆ. ಬೆಳಿಗ್ಗೆ ಬಿಸಿಲು ಇದ್ದುದರಿಂದ ಕೊಡೆಯನ್ನು ಬಾಗಿಲ ಬಳಿ ಬಿಟ್ಟು ಬಂದಿದ್ದಾರೆ. ಈಗ ಕುದುರೆಮುಖದ ಕಡೆಯ ಆಕಾಶ ಕಪ್ಪಾಗಿದೆ. ಅಜ್ಜಿ ಮೊಮ್ಮಗಳ ಮಾರ್ಕ್ಸ್ ಕಾರ್ಡನ್ನು ತೆಗೆದು ಪ್ಲಾಸ್ಟಿಕ್ ಚೀಲದೊಳಗೆ ಇಡುತ್ತಾರೆ. ಅವಳು ನಗುತ್ತಾಳೆ.

‘ಅವರು ಯಾವ ಬಸ್ಸಿಗೆ ಕಾಯುತ್ತಿದ್ದರು?’ ಇದು ನೇರ ಪ್ರಶ್ನೆ. ಹೆದರಿದ ಮಗುವಿಗೆ ಧೈರ್ಯ ಬರಲು ಇಂಥದ್ದು ಒಂದು ಸಾಕು. ‘ಕೊನೆಯ ವಾಕ್ಯದಲ್ಲಿ ನಕ್ಕವರು ಯಾರು?’ ಇದು ಸರ್ವನಾಮದ ಪ್ರಶ್ನೆ. ಇಂಗ್ಲಿಷ್‌ನ ‘ಶೀ’ ಅಜ್ಜಿಗೂ ಸಲ್ಲುತ್ತದೆ, ಮೊಮ್ಮಗಳಿಗೂ ಸಲ್ಲುತ್ತದೆ. ಕನ್ನಡದಲ್ಲಿ ‘ಅವರು’, ‘ಅವಳು’ ಎಂಬ ವ್ಯತ್ಯಾಸವೇ ದಾರಿ ತೋರಿಸುತ್ತದೆ. ಇಂಗ್ಲಿಷ್‌ನಲ್ಲಿ ಆ ಸಹಾಯ ಇಲ್ಲ. ನಮ್ಮ ಮಕ್ಕಳು ಹೆಚ್ಚು ಎಡವುವುದು ಇಲ್ಲೇ. ಅದಕ್ಕೆ ನಿಮ್ಮ ಇಂಗ್ಲಿಷ್ ಗದ್ಯದಲ್ಲಿ ಉತ್ತರವನ್ನು ಖಚಿತ ಮಾಡುವ ಸುಳಿವು ಇದೆಯೇ ಎಂದು ನೋಡಿಕೊಳ್ಳಿ. ‘ಅಜ್ಜಿ ಮಾರ್ಕ್ಸ್ ಕಾರ್ಡನ್ನು ಚೀಲದಲ್ಲಿ ಇಟ್ಟದ್ದು ಏಕೆ?’ ಗದ್ಯದಲ್ಲಿ ಮಳೆ ಎಂಬ ಪದವೇ ಇಲ್ಲ. ಕಪ್ಪು ಆಕಾಶ, ಇಲ್ಲದ ಕೊಡೆ, ಪ್ಲಾಸ್ಟಿಕ್ ಚೀಲ ಮೂರನ್ನೂ ಜೋಡಿಸಿದ ಮಗು ಮಾತ್ರ ಉತ್ತರಿಸುತ್ತದೆ. ಹತ್ತು ಪ್ರಶ್ನೆಯಲ್ಲಿ ನಾಲ್ಕಾದರೂ ಇಂಥ ಜೋಡಿಸುವ ಪ್ರಶ್ನೆ ಇರಲಿ.

ಒಂದು ನಿಯಮ: ಗದ್ಯದ ಪದಗಳನ್ನೇ ಪ್ರಶ್ನೆಯಲ್ಲಿ ಬಳಸಬೇಡಿ. ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದರೆ ಈ ತೊಂದರೆ ತಾನಾಗಿ ತಪ್ಪುತ್ತದೆ.

ಹಂತ 4: ಆಯ್ಕೆಗಳನ್ನು ಮಕ್ಕಳ ತಪ್ಪಿನಿಂದಲೇ ಎತ್ತಿಕೊಳ್ಳಿ

ಬಹು ಆಯ್ಕೆಯ ಪ್ರಶ್ನೆ ಬೇಕಿದ್ದರೆ ಮೊದಲು ಅದನ್ನು ಆಯ್ಕೆಯಿಲ್ಲದೆ ಪಕ್ಕದ ಸೆಕ್ಷನ್‌ಗೆ ಕೊಡಿ. ಅಲ್ಲಿ ಬಂದ ತಪ್ಪು ಉತ್ತರಗಳೇ ನಿಮ್ಮ ಆಯ್ಕೆಗಳು. ಮನೆಯಲ್ಲಿ ಕೂತು ನಾವು ಊಹಿಸಿ ಬರೆಯುವ ತಪ್ಪುಗಳನ್ನು ಯಾವ ಮಗುವೂ ಮಾಡುವುದಿಲ್ಲ. ನಾಲ್ಕೂ ಆಯ್ಕೆ ಹೆಚ್ಚುಕಡಿಮೆ ಒಂದೇ ಉದ್ದ ಇರಲಿ; ಉದ್ದದ್ದೇ ಸರಿ ಎಂದು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ.

ಆಯ್ಕೆಯ ಪ್ರಶ್ನೆಗೆ ಇನ್ನೊಂದು ಮಾದರಿಯೂ ಇದೆ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ‘ಗಾವ್‌ಕಾವ್’ನಲ್ಲಿ ಇಂಗ್ಲಿಷ್‌ಗೆ 150 ಅಂಕ. ಅಲ್ಲಿನ ಹೊಸ ಮಾದರಿಯ ಪತ್ರಿಕೆಯಲ್ಲಿ ಓದಿನ ಗ್ರಹಿಕೆಗೆ 50 ಅಂಕ: 15 ಬಹು ಆಯ್ಕೆಯ ಪ್ರಶ್ನೆ, ಜೊತೆಗೆ ‘ಏಳರಲ್ಲಿ ಐದು’ ಎಂಬ ವಿಭಾಗ. ಗದ್ಯದಿಂದ ಐದು ವಾಕ್ಯ ತೆಗೆದಿರುತ್ತಾರೆ, ಏಳು ವಾಕ್ಯ ಕೊಟ್ಟಿರುತ್ತಾರೆ. ಯಾವುದು ಎಲ್ಲಿ ಕೂರುತ್ತದೆ ಎಂದು ಹೇಳಬೇಕು, ಎರಡು ಉಳಿಯಬೇಕು. ಇದರಲ್ಲಿ ಸಾಲು ಇಳಿಸಲು ಅವಕಾಶವೇ ಇಲ್ಲ. ಹಿಂದಿನ ವಾಕ್ಯ, ಮುಂದಿನ ವಾಕ್ಯ ಎರಡನ್ನೂ ತಿಳಿಯಲೇಬೇಕು. ನಮ್ಮ ಒಂಬತ್ತನೇ ತರಗತಿಗೆ ‘ನಾಲ್ಕರಲ್ಲಿ ಮೂರು’ ಎಂದು ಚಿಕ್ಕದು ಮಾಡಿ ಕೊಡಿ. ನನ್ನ ಅಭಿಪ್ರಾಯದಲ್ಲಿ ಓದನ್ನು ಅಳೆಯಲು ಇಷ್ಟು ಅಗ್ಗದ, ಇಷ್ಟು ಪ್ರಾಮಾಣಿಕ ಪ್ರಶ್ನೆ ಬೇರೆ ಇಲ್ಲ.

ಹಂತ 5: ಗದ್ಯವಿಲ್ಲದೆ ಪ್ರಶ್ನೆಗಳನ್ನು ಮಾತ್ರ ಕೊಟ್ಟು ನೋಡಿ

ಹತ್ತು ನಿಮಿಷದ ಕೆಲಸ. ಗದ್ಯ ಕಾಣದ ಮಕ್ಕಳಿಗೆ ಬಹು ಆಯ್ಕೆಯ ಪ್ರಶ್ನೆ ಮಾತ್ರ ಕೊಡಿ. ನಾಲ್ಕು ಆಯ್ಕೆ ಇದ್ದಾಗ ಕಣ್ಣುಮುಚ್ಚಿ ಗುರುತು ಹಾಕಿದರೂ ನಾಲ್ವರಲ್ಲಿ ಒಬ್ಬರದು ಸರಿಯಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿ ಸರಿ ಮಾಡಿದ ಪ್ರಶ್ನೆ ಓದನ್ನು ಅಳೆಯುತ್ತಿಲ್ಲ. ತೆಗೆದುಹಾಕಿ.

ಹಂತ 6: ಉತ್ತರವನ್ನು ಕನ್ನಡದಲ್ಲಿ ಬರೆಯಲು ಬಿಡಿ

ಇದಕ್ಕೆ ಸ್ಟಾಫ್ ರೂಮಿನಲ್ಲಿ ವಿರೋಧ ಬರುತ್ತದೆ. ‘ಇಂಗ್ಲಿಷ್ ಪರೀಕ್ಷೆಯಲ್ಲಿ ಕನ್ನಡವೇ?’ ಎಂದು ಹಿರಿಯರು ಕೇಳುತ್ತಾರೆ. ಹಂತ 1ರ ಸಾಲನ್ನು ತೋರಿಸಿ. ಮಗುವಿಗೆ ಅರ್ಥವಾಗಿದೆ, ಇಂಗ್ಲಿಷ್‌ನಲ್ಲಿ ಬರೆಯಲು ಬರುವುದಿಲ್ಲ ಎಂದಾದರೆ ಇಂಗ್ಲಿಷ್ ಉತ್ತರ ಕೇಳಿದಾಗ ಸೊನ್ನೆ ಬರುತ್ತದೆ. ಆ ಸೊನ್ನೆ ಓದಿನ ಬಗ್ಗೆ ಸುಳ್ಳು ಹೇಳುತ್ತದೆ. ಓದಿದ್ದನ್ನು ಮೊದಲ ಭಾಷೆಯಲ್ಲಿ ಹೇಳಲು ಬಿಟ್ಟಾಗ ಕಲಿಯುವವರು ಹೆಚ್ಚು ತಿಳಿದಿರುವುದು ಗೊತ್ತಾಗುತ್ತದೆ ಎಂದು ಜೇಮ್ಸ್ ಲೀ 1986ರಲ್ಲೇ ತೋರಿಸಿದ್ದಾರೆ. ಬರೆಯಲೂ ತಡಕಾಡುವ ಮಗುವನ್ನು ಪಕ್ಕಕ್ಕೆ ಕರೆದು ತುಳುವಿನಲ್ಲೇ ಕೇಳಿ. ಇಂಗ್ಲಿಷ್ ಬರವಣಿಗೆಯನ್ನು ಬೇರೆ ದಿನ ಪರೀಕ್ಷಿಸಿದರಾಯಿತು.

ಹಂತ 7: ಪರೀಕ್ಷೆ ನಡೆಸಿ

ಒಂದು ಪಿರಿಯಡ್ ಸಾಕು. ಗದ್ಯವನ್ನು ನೀವು ಗಟ್ಟಿಯಾಗಿ ಓದಬೇಡಿ, ಓದಿದರೆ ಕೇಳುವ ಪರೀಕ್ಷೆಯಾಗುತ್ತದೆ. ಗದ್ಯ ಮಕ್ಕಳ ಮುಂದೆಯೇ ಇರಲಿ. ಅಂಕ ಎಫ್‌ಎಗೆ (ರೂಪಣಾತ್ಮಕ ಮೌಲ್ಯಮಾಪನಕ್ಕೆ) ಸೇರುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ನೋಡಿ ಬರೆಯುವುದು ಅರ್ಧ ನಿಲ್ಲುತ್ತದೆ. ಹಂತ 9ರಲ್ಲಿ ಒಬ್ಬೊಬ್ಬರಿಂದ ಓದಿಸಿ ಕೇಳುವುದು ಜುಲೈನ ಮಳೆಯಲ್ಲಿ ಶೀಟಿನ ಮಾಡಿನ ಕೆಳಗೆ ಆಗದ ಕೆಲಸ. ಅದನ್ನು ಮಳೆ ಬಿಟ್ಟ ದಿನಕ್ಕೆ ಇಟ್ಟುಕೊಳ್ಳಿ.

ಹಂತ 8: ಅಂಕ ಹಾಕಿ, ಆಮೇಲೆ ಪ್ರಶ್ನೆಗೂ ಅಂಕ ಹಾಕಿ

ಕಾಗುಣಿತಕ್ಕೆ ಅಂಕ ಕಳೆಯಬೇಡಿ. ಕೀ ಉತ್ತರದಲ್ಲಿ ಒಪ್ಪಬಹುದಾದ ಎಲ್ಲ ರೂಪಗಳನ್ನೂ ಬರೆದುಕೊಳ್ಳಿ. ಮಾರ್ಕ್ಸ್ ಕಾರ್ಡಿನ ಪ್ರಶ್ನೆಗಾದರೆ: ‘ಮಳೆ ಬರುತ್ತದೆಂದು’, ‘ಒದ್ದೆಯಾಗದಿರಲಿ ಎಂದು’, ‘ಕೊಡೆ ಇಲ್ಲದ್ದಕ್ಕೆ’. ಹತ್ತು ಪತ್ರಿಕೆಯನ್ನು ಇನ್ನೊಬ್ಬ ಶಿಕ್ಷಕರಿಗೆ ಕೊಟ್ಟು ಬೇರೆಯಾಗಿ ಅಂಕ ಹಾಕಿಸಿ. ಅಂಕ ಬಹಳ ಬೇರೆ ಬಂದರೆ ಕೀ ಉತ್ತರ ಸರಿಪಡಿಸಿ.

ಆಮೇಲೆ ಪತ್ರಿಕೆಗಳನ್ನು ಅಂಕದ ಕ್ರಮದಲ್ಲಿ ಜೋಡಿಸಿ. 40 ಮಕ್ಕಳಿದ್ದರೆ ಮೇಲಿನ 11, ಕೆಳಗಿನ 11 ತೆಗೆಯಿರಿ. ಎರಡೂ ತುದಿಯ ಶೇ. 27 ಎಂಬ ಈ ಲೆಕ್ಕ ಕೆಲ್ಲಿ 1939ರಲ್ಲಿ ಕೊಟ್ಟದ್ದು. ಪ್ರತಿ ಪ್ರಶ್ನೆಗೆ ಮೇಲಿನವರಲ್ಲಿ ಎಷ್ಟು ಮಂದಿ ಸರಿ, ಕೆಳಗಿನವರಲ್ಲಿ ಎಷ್ಟು ಮಂದಿ ಸರಿ ಎಂದು ಎಣಿಸಿ. 9 ಮತ್ತು 3 ಬಂದರೆ ವ್ಯತ್ಯಾಸ 6, ಹನ್ನೊಂದರಿಂದ ಭಾಗಿಸಿದರೆ ಸುಮಾರು 0.55. ಉತ್ತಮ ಪ್ರಶ್ನೆ. 0.3ಕ್ಕಿಂತ ಕಡಿಮೆ ಬಂದದ್ದನ್ನು ತಿದ್ದಿ. ಕೆಳಗಿನವರೇ ಹೆಚ್ಚು ಸರಿ ಮಾಡಿದ್ದರೆ ನಿಮ್ಮ ಕೀ ಉತ್ತರವೇ ತಪ್ಪಿರಬಹುದು, ಮತ್ತೆ ನೋಡಿ.

ಹಂತ 9: ನಾಲ್ಕು ಮಕ್ಕಳ ಜೊತೆ ಕೂತು ಮಾತಾಡಿ

ಕಡಿಮೆ ಅಂಕದ ಒಬ್ಬೊಬ್ಬರನ್ನೇ ಕರೆದು ‘ಈ ಉತ್ತರ ಹೇಗೆ ಬರೆದೆ, ಹೇಳು ಮಗ’ ಎಂದು ಕೇಳಿ. ಮೊದಲು ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ. ಓದಲೇ ಬಾರದಿದ್ದರೆ ಅದು ಅಕ್ಷರದ ತೊಂದರೆ. ಆ ಮಗುವಿಗೆ ಬೇಕಾದ್ದು ಧ್ವನಿ ಮತ್ತು ಕಾಗುಣಿತದ ಪಾಠ. ಓದಿತು, ಪದದ ಅರ್ಥ ಗೊತ್ತಿಲ್ಲ ಎಂದರೆ ಪದಸಂಪತ್ತಿನ ತೊಂದರೆ. ಪದವೆಲ್ಲ ಗೊತ್ತು, ವಾಕ್ಯ ಹಿಡಿಯುತ್ತಿಲ್ಲ ಎಂದರೆ ವಾಕ್ಯರಚನೆಯ ತೊಂದರೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಿಂದ ಅದು ನಡುವೆ ಬರುವ ಭಾಷೆಗೆ ಹೋಗುವ ಮಗುವಿಗೆ ಇದು ಸಹಜ. ಇಂಥ ಮೂವರಿಗೂ ಬಂದಿರುವುದು ಹತ್ತರಲ್ಲಿ ಮೂರೇ ಅಂಕ ಎನ್ನಿ. ಆದರೆ ಮೂವರಿಗೂ ಬೇಕಾದ ಪಾಠ ಬೇರೆ ಬೇರೆ, ಅಂಕಪಟ್ಟಿ ಇದನ್ನು ಹೇಳುವುದಿಲ್ಲ.

ಇದನ್ನೆಲ್ಲ ಇನ್ನೂ ಆಳವಾಗಿ ಕಲಿಯಬೇಕೆಂದಿದ್ದರೆ 1963ರಲ್ಲಿ ಶುರುವಾದ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಶಿಕ್ಷಕರಿಗೆ ತರಬೇತಿ ಇದೆ. ಮುಖ್ಯ ಶಿಕ್ಷಕರ ಮೂಲಕ ವಿಚಾರಿಸಿ.

ಈ ಪರೀಕ್ಷೆಯನ್ನು ಎಂಟನೇ ತರಗತಿಗೆ ಮಕ್ಕಳು ಬಂದ ಮೊದಲ ತಿಂಗಳಲ್ಲೇ ಮಾಡಿ. ಹತ್ತನೇ ತರಗತಿಯ ಜನವರಿಯಲ್ಲಿ ಮಾಡಿದರೆ ತೊಂದರೆ ಗೊತ್ತಾಗುತ್ತದೆ, ಸರಿಪಡಿಸಲು ಸಮಯ ಇರುವುದಿಲ್ಲ. ಎಂಟರಲ್ಲಿ ಗೊತ್ತಾದರೆ ನಿಮ್ಮ ಕೈಯಲ್ಲಿ ಪೂರ್ತಿ ಮೂರು ವರ್ಷ ಇರುತ್ತದೆ.